ಹದಿನಾಲ್ಕು ಸಲ ಮುಳುಗಿದ ನಾಟಕ

ಜನವರಿ 9, ಸಂಜೆ 6

ಎರಡು ಡೈವ್. ಬೆಳಗ್ಗೆ ತಮ್ಮ, 41 ನಿಮಿಷ. ಮಧ್ಯಾಹ್ನ ನಮ್ಮ ಇನ್ನೊಬ್ಬ ಡೈವರ್ ಮೀಸೆ, 38. ನೀರು ಬಗ್ಗಡ; ಅಂಗೈ ಕಣ್ಣೆದುರು ಹಿಡಿದರೂ ಕಾಣಲಿಲ್ಲ ಎಂದರು ಇಬ್ಬರೂ. ಎರಡನೇ ಬಾಯಿಯ ಸರಳುಗಳಿಂದ ಕೆರೆದ ಚಿಪ್ಪು ಒಂಬತ್ತು ಚೀಲ. ಹಗ್ಗ ಎರಡು ಕಡೆ ಸವೆದಿದೆ. ನಾಳೆ ಆ ತುಂಡು ಕತ್ತರಿಸಿ ಹೆಣೆಯಬೇಕು.

ವಿದ್ಯುತ್ ಸ್ಥಾವರದ ಬಾಯಾರಿಕೆ ದೊಡ್ಡದು. ಯಂತ್ರ ತಣ್ಣಗಿರಲು ಮೂರು ಬಾಯಿಯಿಂದ ಸಮುದ್ರ ಹೀರುತ್ತದೆ. ಆ ಬಾಯಿಗಳ ಕಬ್ಬಿಣದ ಸರಳಿಗೆ ಚಿಪ್ಪು ಕಚ್ಚುತ್ತದೆ, ಕೆರೆಯುವುದು ನಮ್ಮ ಪಾಲು. ಡೈವರ್ ನೀರಲ್ಲಿರುವಷ್ಟು ಹೊತ್ತು ಆ ಬಾಯಿಯ ಪಂಪನ್ನು ಯಾರೂ ಹಾಕದ ಹಾಗೆ ಅದರ ಬೀಗದ ಕೈ ನನ್ನ ಕೊರಳಲ್ಲಿ. ಅವನು ಮೇಲೆ ಬಂದು, ಮುಖವಾಡ ತೆಗೆದು, ನನಗೊಂದು ಬೈಗುಳ ಬೈದ ಮೇಲೆಯೇ ಅದು ಕೊರಳಿನಿಂದ ಇಳಿಯುವುದು.

ಇವತ್ತು ಒಬ್ಬ ಎಂಜಿನಿಯರ್ ಹುಡುಗಿ ಬಂದಳು. ಡಬ್ಬಿಯಲ್ಲಿ ತೆಳ್ಳನೆಯ, ಬೆಳ್ಳುಳ್ಳಿ ಸಿಪ್ಪೆಯಂಥ ತುಂಡುಗಳು. ಒಳಗೆ ಚಿನ್ನದ ಬಣ್ಣದ ಎಳೆ.

"ಇದು ಎಲೆಕ್ಟ್ರಾನಿಕ್ ಸ್ಕಿನ್ ಮೇಡಂ. ಚರ್ಮದ ಮೇಲೆ ಇನ್ನೊಂದು ಚರ್ಮ. ಬೆರಳು ಮಡಚಿದ್ರೆ, ಮೊಣಕೈ ತಿರುಗಿದ್ರೆ, ಎದೆ ಉಬ್ಬಿದ್ರೆ, ಎಲ್ಲ ಮೇಲೆ ಸ್ಕ್ರೀನಲ್ಲಿ ಬರುತ್ತೆ."

"ಅಂಟು ಯಾವುದು?"

ಹುಡುಗಿ ತಡವರಿಸಿದಳು. ಯಾರೂ ಕೇಳಿರಲಿಲ್ಲವಂತೆ. "ಉಪ್ಪುನೀರಲ್ಲಿ ಎಂಟು ಗಂಟೆ ತಡೆಯುತ್ತೆ."

"ಬೆವರಲ್ಲಿ?"

ಪುಸ್ತಕ ತೆಗೆದು ಬರೆದುಕೊಂಡಳು. ಇಷ್ಟವಾದಳು.

ಇಪ್ಪತ್ತಾರು ವರ್ಷದ ಹಿಂದೆ ಇದೇ ಜೆಟ್ಟಿಯಲ್ಲಿ ಗೋಣಿ ಹಾಸಿಕೊಂಡು ರಬ್ಬರ್ ಸೂಟುಗಳಿಗೆ ತೇಪೆ ಹಚ್ಚುತ್ತಿದ್ದವಳು ನಾನು. ತೇಪೆಯಿಂದ ಹಗ್ಗಕ್ಕೆ, ಹಗ್ಗದಿಂದ ಗುತ್ತಿಗೆಗೆ. ತೇಪೆ ಕಂಡರೆ ನನಗೆ ಮಾತು ಬರುತ್ತದೆ. ಎಲೆಕ್ಟ್ರಾನಿಕ್ ಅಂತೆ. ನನ್ನ ಬಾಯಲ್ಲಿ ಅದು ತೇಪೆಯೇ.

ಜನವರಿ 16, ರಾತ್ರಿ

ನಕ್ಕು ನಕ್ಕು ಪಕ್ಕೆ ನೋಯುತ್ತಿದೆ.

ಕಾಲೊನಿಯ ಈಜುಕೊಳದಲ್ಲಿ ದಿನವಿಡೀ ತೇಪೆಗೆ ಪಾಠ. ತಮ್ಮನ ಬಲಗೈ ಬೆರಳು, ಮಣಿಕಟ್ಟು, ಮೊಣಕೈ, ಎದೆ, ಎಲ್ಲ ಕಡೆ ಅಂಟಿಸಿದರು. ಒಂದು ಕೈಗೆ ಆಗುವಷ್ಟೇ ತಂದಿದ್ದಾರೆ. ಅವನು ಕೆರೆದ, ಸುತ್ತಿಗೆ ಬೀಸಿದ, ಈಜಿದ. ಅದು "ಕೆಲಸ", ಹಳದಿ ದೀಪ. ಮೆಟ್ಟಿಲ ಮೇಲೆ ಕೂತು ನಿಧಾನ ಉಸಿರಾಡಿದ. ಅದು "ವಿಶ್ರಾಂತಿ", ಹಸಿರು. ಕಡೆಗೆ ಕೆಂಪಿನ ಸರದಿ.

ಹುಡುಗಿ ಹೇಳಿದಳು: "ಈಗ ಅಪಾಯ ಮಾಡಿ ತೋರಿಸಿ ಸಾರ್."

"ಯಾವ ಥರದ್ದು?"

"ಸಿಕ್ಕಿಹಾಕಿಕೊಂಡ್ರೆ ಏನು ಮಾಡ್ತೀರೋ ಅದು."

ತಮ್ಮ ನನ್ನ ಮುಖ ನೋಡಿದ. ನಾನು ಭುಜ ಹಾರಿಸಿದೆ. ಅವನು ಒಂದು ಗಳಿಗೆ ಯೋಚಿಸಿ ಶುರು ಹಚ್ಚಿಕೊಂಡ ನೋಡು—ಕೈ ಬಡಿದ, ಕಾಲು ಬಡಿದ, ಕತ್ತು ಹಿಡಿದುಕೊಂಡ, ಗುಳುಗುಳು ಗುಳ್ಳೆ ಬಿಟ್ಟ. ನಾಟಕದ ಕಂಪನಿಯವರು ನೋಡಿದ್ದರೆ ಎತ್ತಿಕೊಂಡು ಹೋಗುತ್ತಿದ್ದರು.

ಮೀಸೆ ದಡದಿಂದ: "ಸಾಯೋದೂ ನೆಟ್ಟಗೆ ಬರಲ್ವಲ್ಲೋ ನಿಂಗೆ. ಇನ್ನೊಂಚೂರು ಜೋರಾಗಿ."

ಹದಿನಾಲ್ಕು ಸಲ ಮಾಡಿಸಿದರು. ಎಣಿಸಿದೆ. ಮೀಸೆ ಎರಡು ಸಲ ಮಾಡಿ ನಾಚಿಕೊಂಡು ಬಿಟ್ಟುಬಿಟ್ಟ. "ಸೂಪರ್ ಸಾರ್, ತುಂಬ ಕ್ಲೀನಾಗಿ ಬಂತು" ಎಂದಳು ಹುಡುಗಿ. ತಮ್ಮ ಟವೆಲ್ ಹೊದ್ದು ದೊಡ್ಡ ನಟನ ಹಾಗೆ ತಲೆ ಬಾಗಿಸಿದ.

ಜನವರಿ 28

ಒಪ್ಪಿಕೊಳ್ಳಬೇಕು. ಒಳ್ಳೆಯ ವಸ್ತು.

ಸಮುದ್ರದಲ್ಲಿ ಮೊದಲ ದಿನ. ತಮ್ಮ ಕೆಳಗೆ ಬೆರಳು ಮಡಚಿದರೆ ನೀರಿಗೆ ಇಳಿಬಿಟ್ಟ ಪೆಟ್ಟಿಗೆ ಅದನ್ನು ಸದ್ದಿನಲ್ಲಿ ಹಿಡಿದು ಸ್ಕ್ರೀನಿಗೆ ಅಕ್ಷರ ಮಾಡಿ ಕಳಿಸುತ್ತದೆ. "ಸುತ್ತಿಗೆ ಕಳಿಸಿ." "ಎಡಕ್ಕೆ ಹೋಗುತ್ತಿದ್ದೇನೆ." ಮೇಲಿನಿಂದ ಗುಂಡಿ ಒತ್ತಿದರೆ ಅವನ ಮಣಿಕಟ್ಟಿನಲ್ಲಿ ಝುಂ ಅನ್ನುತ್ತದೆ. ಹಗ್ಗಕ್ಕೆ ಗೊತ್ತಿರುವುದು ನಾಲ್ಕೇ ಮಾತು—ಒಂದು ಜಗ್ಗಿದರೆ ಸರಿ ಇದ್ದೀನಿ, ಎರಡು ಸಡಿಲ ಬಿಡು, ಮೂರು ಬರ್ತಿದ್ದೀನಿ, ನಾಲ್ಕು ಎಳಿ. ಇಪ್ಪತ್ತೆರಡು ವರ್ಷ ಅವನೂ ನಾನೂ ನೀರಿನ ಈ ಕಡೆ ಆ ಕಡೆ ನಾಲ್ಕೇ ಮಾತಲ್ಲಿ ಕೆಲಸ ತೂಗಿಸಿದ್ದೇವೆ.

ಇವತ್ತು 31ನೇ ನಿಮಿಷಕ್ಕೆ ಸ್ಕ್ರೀನಲ್ಲಿ ಬಂತು: "ಅಕ್ಕ, ಟೀ ಇಡು." ಹುಡುಗಿಯ ಜೊತೆ ಗುಟ್ಟಾಗಿ ಸೇರಿಸಿಟ್ಟಿದ್ದ, ಬಡ್ಡಿಮಗ. ಕಣ್ಣು ತುಂಬಿ ಬಂತು. ಗಾಳಿಗೆ ಅಂದುಕೊಂಡರು ಎಲ್ಲ.

ಫೆಬ್ರವರಿ 6, ಮಧ್ಯಾಹ್ನ

ಸಿಟ್ಟು. ಊಟ ಸೇರಲಿಲ್ಲ.

ಆಫೀಸಿನಲ್ಲಿ ಸಭೆ. ಸೇಫ್ಟಿ ಮ್ಯಾನೇಜರ್, ನಾವಿಟ್ಟ ಹೆಸರು ಇಸ್ತ್ರಿ. ಜೆಟ್ಟಿಗೆ ಬಂದರೂ ಅಂಗಿಯ ಗೆರೆ ಮುರಿಯದ ಮನುಷ್ಯ. ಗೋಡೆಯ ಮೇಲೆ ಚಿತ್ರ ಓಡಿಸುತ್ತ ಹೇಳಿದ: ಇನ್ನು ಮುಂದೆ ಹಗ್ಗ ಇಲ್ಲ. ಸರಳಿಗೆ ತೊಡರಿಕೊಳ್ಳುತ್ತದೆ, ರಿಸ್ಕ್. ಪಂಪಿನ ಬೀಗದ ಕೈ ಕಂಟ್ರೋಲ್ ರೂಮಿನಲ್ಲಿ. ಸ್ಕ್ರೀನು ಸತತ ಮೂರು ನಿಮಿಷ "ವಿಶ್ರಾಂತಿ" ತೋರಿಸಿದರೆ ಡೈವರ್ ಮೆಟ್ಟಿಲಿಗೆ ಬಂದು ಕೂತಿದ್ದಾನೆ ಅಂತ ಲೆಕ್ಕ. ಪಂಪ್ ಹಾಕಬಹುದು. ದಿನಕ್ಕೆ ನಲವತ್ತು ನಿಮಿಷ ಉಳಿತಾಯವಂತೆ.

"ಸಾಹೇಬ್ರೆ, ಕೂತಿದ್ದಾನೆ ಅಂತ ಯಾರಾದ್ರೂ ಹೋಗಿ ನೋಡ್ತಾರಾ?"

"ನೋಡೋ ಅಗತ್ಯ ಇಲ್ಲ ಅಕ್ಕಾ. ಡೇಟಾ ಇದೆಯಲ್ಲ. ಹಗ್ಗಕ್ಕೆ ಡೇಟಾ ಇಲ್ಲ."

"ಇದೆ."

"ಎಲ್ಲಿ?"

ಎರಡೂ ಅಂಗೈ ತೋರಿಸಿದೆ. ಇಪ್ಪತ್ತೆರಡು ವರ್ಷದ ಜಡ್ಡು.

"ಅದನ್ನ ಅಪ್‌ಲೋಡ್ ಮಾಡೋಕಾಗಲ್ವಲ್ಲ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಈಗ ಸಿಟ್ಟು ಬರುತ್ತಿರುವುದು ಅವನಿಗಿಂತ ಹೆಚ್ಚಾಗಿ ಆ ನನ್ನ ನಗುವಿನ ಮೇಲೆ. ಕೊರಳಿನಿಂದ ಬೀಗದ ಕೈ ತೆಗೆದು ಮೇಜಿನ ಮೇಲೆ ಇಟ್ಟೆ. ಟಪ್ ಅಂತ ಸದ್ದಾಯಿತು. ಯಾರೂ ತಿರುಗಿ ನೋಡಲಿಲ್ಲ.

ಫೆಬ್ರವರಿ 12, ಬೆಳಗ್ಗೆ 7

ಮೂರನೇ ಬಾಯಿ. ತಮ್ಮ ಇಳಿಯುತ್ತಾನೆ. ಬೆಲ್ಟಿನ ಕೆಳಗೆ ತೆಳುವಾದ ಹುರಿ ಕಟ್ಟಿದೆ, ಸೂಟಿನ ಬಣ್ಣದ್ದೇ. "ಅಕ್ಕ, ಇಸ್ತ್ರಿ ನೋಡಿದ್ರೆ ನಿನ್ನನ್ನೇ ಮಡಚಿ ಇಡ್ತಾನೆ" ಎಂದ. ಮಡಚಲಿ.

ಫೆಬ್ರವರಿ 15, ಆಸ್ಪತ್ರೆ, ಕಾರಿಡಾರ್

ಮೂರು ದಿನ ಬರೆಯಲು ಕೈ ಬಗ್ಗಲಿಲ್ಲ. ಈಗ ಬರೆಯುತ್ತೇನೆ, ಗಂಟೆ ಸಹಿತ. ಡೈವ್ ಲೆಕ್ಕದ ಲಾಗ್ ಪುಸ್ತಕವನ್ನು ಅವತ್ತು ಸಂಜೆಯೇ ಇಸ್ತ್ರಿಯ ಕಡೆಯವರು ಒಯ್ದರು. "ಜೆರಾಕ್ಸ್ ಮಾಡಿ ಕೊಡ್ತೀವಿ." ಇನ್ನೂ ಮಾಡುತ್ತಿದ್ದಾರೆ. ನನಗೆ ಉಳಿದಿರುವುದು ಮನೆಯ ಈ ಪುಸ್ತಕ.

9-10ಕ್ಕೆ ಇಳಿದ. 9-34ರ ವರೆಗೆ ಹುರಿಯಲ್ಲಿ ಕೆರೆಯುವ ಲಯ. 9-35ಕ್ಕೆ ನಿಂತಿತು.

ಮೆಟ್ಟಿಲಿಗೆ ಬಂದವನ ಹುರಿ ಜೋಲುತ್ತದೆ. ಇದು ಜೋಲಲಿಲ್ಲ. ಆಳದಲ್ಲಿ ಒಂದೇ ಕಡೆ ನೆಟ್ಟ ಹಾಗೆ, ಬಿಗಿಯೂ ಅಲ್ಲದ ಸಡಿಲವೂ ಅಲ್ಲದ ಒಂದು ಭಾರ. ನನಗೆ ಗೊತ್ತು ಆ ಭಾರ. ಒಂದು ಜಗ್ಗಿ ಕೇಳಿದೆ. ಉತ್ತರವಿಲ್ಲ. 9-37. ಕಂಟ್ರೋಲ್ ರೂಮಿಗೆ ಫೋನು.

"ನನ್ನ ತಮ್ಮ ಸಿಕ್ಕಿಕೊಂಡಿದ್ದಾನೆ."

"ಇಲ್ಲಕ್ಕ, ಹಸಿರು ಇದೆ. ಆರಾಮಾಗಿ ಕೂತಿದ್ದಾರೆ."

"ಮೆಟ್ಟಿಲು ನನ್ನ ಕಣ್ಣೆದುರಿಗಿದೆ ಕಣಪ್ಪ. ಖಾಲಿ ಇದೆ."

"ಒಂದ್ ನಿಮಿಷ, ಕೇಳಿ ಹೇಳ್ತೀನಿ."

ಯಾರನ್ನು ಕೇಳಿದನೋ. 9-38ಕ್ಕೆ ಮೂರು ನಿಮಿಷ ತುಂಬಿತು. ಕಾಲ ಕೆಳಗಿನ ಕಾಂಕ್ರೀಟು ನಡುಗಿತು. ಪಂಪ್. ಹುರಿ ತಂತಿಯಂತೆ ಬಿಗಿದು ನನ್ನ ಕೈಯ ಚರ್ಮ ಸೀಳಿಕೊಂಡು ಓಡಿತು. ಹುರಿಯನ್ನು ಕಂಬಕ್ಕೆ ಸುತ್ತಿ ಓಡಿದೆ. ಪಂಪ್ ಮನೆಯ ಗೋಡೆಯ ಕೆಂಪು ಗುಂಡಿಗೆ ನಲವತ್ತೆರಡು ಹೆಜ್ಜೆ. ಐವತ್ತೆರಡು ವರ್ಷದ ಮಂಡಿ. ಗುದ್ದಿದೆ.

ಮೀಸೆ ಧುಮುಕಿ ಬಿಡಿಸಿಕೊಂಡು ಬಂದ. ಬಲಗೈ ಎರಡು ಸರಳಿನ ಮಧ್ಯೆ ಸಿಕ್ಕಿತ್ತು—ತೇಪೆ ಅಂಟಿಸಿದ ಕೈ, ಮಾತಾಡುವ ಕೈ. ಮೈ ಸರಳಿಗೆ ಒತ್ತಿಕೊಂಡು ಬೆಲ್ಟಿನ ಹುರಿ ಎಡಗೈಗೂ ಎಟುಕಿರಲಿಲ್ಲ. ಪಂಪ್ ಎಳೆದ ರಭಸಕ್ಕೆ ಮೊಣಕೈ ಪುಡಿ. ಎರಡು ಬೆರಳು ಇನ್ನು ಮಡಚುವುದಿಲ್ಲ ಎಂದರು ಡಾಕ್ಟರು.

ಮತ್ತು ಬರಲೇಬೇಕಾದ ಮಾತು, ಯಾಕೆ ಹಸಿರು. ಸಿಕ್ಕಿಕೊಂಡಾಗ ಅವನು ಒದ್ದಾಡಲಿಲ್ಲ. ಒದ್ದಾಡಬಾರದು ಅಂತ ಕಲಿಸಿದವಳು ನಾನು. ಅವನಿಗೆ ಇಪ್ಪತ್ತೆರಡು ವರ್ಷ ಇದ್ದಾಗ, ಇದೇ ಜೆಟ್ಟಿಯಲ್ಲಿ, ಕಿವಿ ಹಿಂಡಿ: ಸಿಕ್ಕಿಕೊಂಡ್ಯಾ, ಕಲ್ಲಾಗು. ಒದ್ದಾಡಿದರೆ ಹತ್ತು ನಿಮಿಷದ ಗಾಳಿ ನಾಲ್ಕು ನಿಮಿಷಕ್ಕೆ ಮುಗಿಯುತ್ತದೆ. ಉಸಿರು ಎಳೆದು ಉದ್ದ ಮಾಡು. ನಾನು ಬರ್ತೀನಿ. ಅವನು ಕಲ್ಲಾದ. ಉಸಿರು ಉದ್ದ ಮಾಡಿದ. ತೇಪೆ ಅದನ್ನು ನೋಡಿ, ಅಯ್ಯೋ ಪಾಪ, ಸುಸ್ತಾಗಿ ಕೂತಿದ್ದಾನೆ ಅಂದುಕೊಂಡಿತು.

ಫೆಬ್ರವರಿ 19

ವರದಿ ಬಂತು. ಎರಡೇ ಪುಟ. ಬೈಯಲು ಅದೂ ಹೆಚ್ಚು.

ಒಂದು: ಘಟನೆಯ ವೇಳೆ ಡೈವರ್ ವಿಶ್ರಾಂತಿ ಸ್ಥಿತಿಯಲ್ಲಿದ್ದರೆಂದು ಸಾಧನದ ದಾಖಲೆ ಹೇಳುತ್ತದೆ. ಎರಡು: ನಿಷೇಧಿತ ಹುರಿಯಿಂದ ಎಳೆದ ಕಾರಣ ಕೈಗೆ ಪೆಟ್ಟಾಗಿರುವ ಸಂಭವವಿದೆ. ಮೂರು: ಅಧಿಕಾರವಿಲ್ಲದ ವ್ಯಕ್ತಿಯೊಬ್ಬರು ತುರ್ತು ಗುಂಡಿ ಒತ್ತಿ ಸ್ಥಾವರವನ್ನು ಆರು ಗಂಟೆ ನಿಲ್ಲಿಸಿದರು.

ವ್ಯಕ್ತಿಯೊಬ್ಬರು! ಇಪ್ಪತ್ತಾರು ವರ್ಷ ಗೇಟಿನಲ್ಲಿ ಸಲಾಂ ಹೊಡೆಸಿಕೊಂಡವಳು ವ್ಯಕ್ತಿಯೊಬ್ಬರಾದೆ.

ಕೆಳಗೆ ಸಹಿಗೆ ಎರಡು ಗೆರೆ. ಒಂದು ಡೈವರಿಗೆ, ಒಂದು ಗುತ್ತಿಗೆದಾರರಿಗೆ, ಅಂದರೆ ನನಗೆ. ಮಡಚಿ ಬ್ಯಾಗಿನ ತಳಕ್ಕೆ ಹಾಕಿದೆ, ಹರಿದ ಚಪ್ಪಲಿ ಇಡುವ ಕಡೆ.

ಫೆಬ್ರವರಿ 22, ಸಂಜೆ

ತಮ್ಮನ ಮನೆ. ಅವನು ಎಡಗೈಯಲ್ಲಿ ಟೀ ಕುಡಿಯುವುದನ್ನು ಕಲಿಯುತ್ತಿದ್ದಾನೆ. ಅಂಗಿಯೂ ಕುಡಿಯುತ್ತಿದೆ.

ಇಸ್ತ್ರಿ ಹಣ್ಣಿನ ಬುಟ್ಟಿಯ ಸಮೇತ ಬಂದುಹೋಗಿದ್ದಾನೆ. ತೇಪೆ ಬೇರೆ ಸ್ಥಾವರಗಳಿಗೂ ಹೋಗುತ್ತದಂತೆ. ಡೈವರುಗಳಿಗೆ ಬೆರಳ ಸನ್ನೆ ಕಲಿಸಲು ಒಬ್ಬ ಬೇಕು. ದಡದ ಮೇಲಿನ ಕೆಲಸ, ಪರ್ಮನೆಂಟ್. ತಮ್ಮನಿಗೇ. ಆದರೆ ವರದಿಗೆ ಎರಡೂ ಸಹಿ ಬೀಳಬೇಕು.

ತಮ್ಮನ ಹೆಂಡತಿ ಬಾಗಿಲಿಗೆ ಒರಗಿ ನಿಂತಿದ್ದಳು. ಅವಳು ಸುತ್ತಿ ಬಳಸಿ ಮಾತಾಡುವವಳಲ್ಲ.

"ಅತ್ತಿಗೆ, ಹದಿನೆಂಟು ವರ್ಷದಿಂದ ಇವ್ರು ನೀರಿಗೆ ಇಳಿದ ದಿನ ನಾನು ಒಲೆ ಮುಂದೆ ನಿಂತ್ಕೊಂಡೇ ಇರ್ತೀನಿ. ಕೂತ್ರೆ ಏನೋ ಆಗುತ್ತೆ ಅಂತ. ಕಾಲು ಊದುತ್ತೆ. ಈಗ ಕೂತ್ಕೊಳ್ಳೋ ಕಾಲ ಬಂದಿದೆ. ನಿಮ್ಮ ಒಂದು ಸಹಿ."

"ಅದ್ರಲ್ಲಿ ಸುಳ್ಳಿದೆ."

"ಸುಳ್ಳಿಗೆ ಮೊಣಕೈ ಇಲ್ಲ ಅತ್ತಿಗೆ. ಇವ್ರಿಗಿತ್ತು."

ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲು ಆಗಲಿಲ್ಲ. ಅದಕ್ಕೇ ಇನ್ನೂ ಸಿಟ್ಟು.

ಫೆಬ್ರವರಿ 24, ಬೆಳಗ್ಗೆ

ಇಸ್ತ್ರಿಯ ತಪ್ಪುಗಳನ್ನೆಲ್ಲ ತಾರೀಖಿನ ಪ್ರಕಾರ ಒಂದು ಹಾಳೆಯಲ್ಲಿ ಬರೆದು ಅವನ ಮೂತಿಗೆ ಹಿಡಿಯೋಣ ಅಂತ ಈ ಪುಸ್ತಕದ ಹಿಂದಿನ ಪುಟಗಳನ್ನು ತಿರುವಿದೆ. ಜನವರಿ 16ಕ್ಕೆ ಬಂದು ನಿಂತೆ.

"ಹದಿನಾಲ್ಕು ಸಲ ಮಾಡಿಸಿದರು. ಎಣಿಸಿದೆ." ನನ್ನದೇ ಅಕ್ಷರ. "ನಕ್ಕು ನಕ್ಕು ಪಕ್ಕೆ ನೋಯುತ್ತಿದೆ."

ಹುಡುಗಿ ನೆಟ್ಟಗೇ ಕೇಳಿದ್ದಳು. ಸಿಕ್ಕಿಹಾಕಿಕೊಂಡರೆ ಏನು ಮಾಡುತ್ತೀರೋ ಅದು ಎಂದು. ನಿಜ ಮಾಡಿ ತೋರಿಸಬೇಕಿದ್ದರೆ ಅವನು ಏನೂ ಮಾಡದೆ ಕೂರಬೇಕಿತ್ತು. ಅಷ್ಟು ಜನ ದಡದಲ್ಲಿ ಕಣ್ಣು ಬಿಟ್ಟುಕೊಂಡು ನಿಂತಿರುವಾಗ ಏನೂ ಮಾಡದೆ ಕೂರಲು ಯಾರಿಗೆ ಬರುತ್ತದೆ? ಕೇಳಿದವರಿಗೆ ಏನು ಬೇಕೋ ಅದನ್ನು ಕೊಟ್ಟ. ನನ್ನ ಮುಖ ನೋಡಿದ್ದ. ಅದು ಪ್ರಶ್ನೆ. ನಾನು ಭುಜ ಹಾರಿಸಿದೆ. ಅದು ಉತ್ತರ.

ತೇಪೆಗೆ ಕೆಂಪು ಅಂದರೆ ಏನು ಅಂತ ಕಲಿಸಿದ್ದು ನಾವು. ನಾಟಕ ಕಲಿಸಿದೆವು. ನಾಟಕ ಕಂಡಾಗ ಮಾತ್ರ ಅದು ಕೆಂಪಾಗುತ್ತದೆ.

ಇಸ್ತ್ರಿಗೆ ಇದು ಗೊತ್ತಿಲ್ಲ. ಹುಡುಗಿಗೂ ಗೊತ್ತಿಲ್ಲ. ಗೊತ್ತಾದರೆ ತೇಪೆ ಸರಿ ಮಾಡಬಹುದು. ಗೊತ್ತಾದ ಗಳಿಗೆಯೇ ಇಸ್ತ್ರಿ ಎಲ್ಲವನ್ನೂ ತಮ್ಮನ ತಲೆಗೆ ಕಟ್ಟುತ್ತಾನೆ. ಕೆಲಸ ಹೋಯಿತು. ಅವನ ಹೆಂಡತಿ ಒಲೆ ಮುಂದೆ ನಿಂತದ್ದೂ ದಂಡ.

ಫೆಬ್ರವರಿ 25

ತಮ್ಮನಿಗೆ ಪುಟ ಓದಿ ಹೇಳಿದೆ. ಮೊದಲು ನಕ್ಕ, ಮೀಸೆಯ ಮಾತು ಬಂದಾಗ. ಆಮೇಲೆ ನಗು ನಿಂತಿತು.

"ಹರಿದು ಹಾಕು ಅಕ್ಕ."

"ಹರಿದ್ರೆ?"

"ಹರಿದ್ರೆ ಹೋಯ್ತು. ನೀನು ನಾನು ಮೀಸೆ ಬಿಟ್ರೆ ಯಾರಿಗೆ ಗೊತ್ತು? ಅವನು ಬಾಯಿ ಬಿಡಲ್ಲ."

"ಮೀಸೆ ಅದೇ ನೀರಿಗೆ ಇಳಿಯೋನು ಕಣೋ."

"ಅವನೂ ಕಲ್ಲಾಗೋದು ಬಿಟ್ಟು ಒದ್ದಾಡ್ಲಿ. ಕೆಂಪಾಗುತ್ತೆ."

"ಗಾಳಿ?"

ಕಿಟಕಿ ಕಡೆ ತಿರುಗಿದ: "ನಿನಗೇನು. ನಿನ್ನ ಎರಡೂ ಕೈ ನೆಟ್ಟಗಿದೆ."

ಎದ್ದು ಬಂದೆ. ಬಾಗಿಲು ಜೋರಾಗಿ ಹಾಕಿದೆ. ಬೀದಿಯ ತುದಿಗೆ ಬಂದ ಮೇಲೆ ನೋಡಿದರೆ ನನ್ನ ಎರಡೂ ಕೈ ಮುಷ್ಟಿಯಾಗಿತ್ತು. ನೆಟ್ಟಗಿರಲಿಲ್ಲ.

ಮಾರ್ಚ್ 2

ಮೀಸೆ ಬಂದಿದ್ದ. ಆರನೇ ತಾರೀಖು ಮೂರನೇ ಬಾಯಿಗೆ ಅವನ ಹೆಸರು ಹಾಕಿದ್ದಾರೆ. ಉಳಿದ ಚಿಪ್ಪು ಕೆರೆಯಲು. ತೇಪೆ ಹೌದು, ಹಗ್ಗ ಇಲ್ಲ.

"ಹಗ್ಗದಕ್ಕ, ನೀವು ಸುಮ್ನೆ ಬಂದು ಜೆಟ್ಟಿ ಮೇಲೆ ಕೂತಿರಿ. ಅಷ್ಟು ಸಾಕು."

"ಕೂತು ಏನು ಮಾಡ್ಲಿ?"

"ಏನೂ ಬೇಡ. ಕೂತಿರಿ."

ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಆ ಮನುಷ್ಯ ಮೀಸೆ ತಿರುವದೆ ಮಾತಾಡಿದ. ಹೋಗುವಾಗ ಚಪ್ಪಲಿ ಅದಲು ಬದಲು ಹಾಕಿಕೊಂಡು ಹೋದ.

ಮಾರ್ಚ್ 3, ಮಧ್ಯಾಹ್ನ 2

ಪುಟ ಹರಿಯಲಿಲ್ಲ. ಹುಡುಗಿಯ ಲ್ಯಾಬಿಗೆ ಹೋಗಿ ಓದಿ ಹೇಳಿದೆ. ಪಕ್ಕೆ ನೋವಿನಿಂದ ಹಿಡಿದು, ಒಂದು ಅಕ್ಷರ ಬಿಡದೆ.

ಹುಡುಗಿ ತನ್ನ ಪುಸ್ತಕ ತೆಗೆದಳು, ಬರೆಯದೆ ಮುಚ್ಚಿದಳು.

"ಹಾಗಾದ್ರೆ ನಿಜವಾಗ್ಲೂ ಸಿಕ್ಕಿಕೊಂಡ್ರೆ ಹೇಗಿರುತ್ತೆ ಮೇಡಂ?"

"ಏನೂ ಇರಲ್ಲ."

"ಏನೂ ಇಲ್ಲದ್ದನ್ನ ನಾನು ಹೇಗೆ ರೆಕಾರ್ಡ್ ಮಾಡ್ಲಿ? ವಿಶ್ರಾಂತಿಗೂ ಅದಕ್ಕೂ ವ್ಯತ್ಯಾಸ?"

"ನನ್ನ ಕೈಗೆ ಗೊತ್ತಾಗುತ್ತೆ. ನಿನ್ನ ತೇಪೆಗೆ ಕಲಿಸಬೇಕು. ಅಲ್ಲಿ ತನಕ ಹಗ್ಗ ಬೇಕು, ಬೀಗದ ಕೈ ಬೇಕು."

ಇಬ್ಬರೂ ಇಸ್ತ್ರಿಯ ಹತ್ತಿರ ಹೋದೆವು. ಹುಡುಗಿಯೇ ಹೇಳಿದಳು, ಹಸಿರನ್ನು ನಂಬಬೇಡಿ ಸಾರ್, ನಂದೂ ತಪ್ಪಿದೆ ಅಂತ. ಇಸ್ತ್ರಿ ಪೆನ್ನಿನ ಕ್ಯಾಪು ಹಾಕಿದ, ತೆಗೆದ.

"ಮುಂದಿನ ಮಾಡೆಲ್‌ನಲ್ಲಿ ನೋಡೋಣ. ಆರು ತಿಂಗಳು. ಅಂದಹಾಗೆ, ತಪ್ಪು ಸ್ಯಾಂಪಲ್ ಕೊಟ್ಟವ್ರು ಯಾರು?"

ಅವನಿಗೆ ಗೊತ್ತಿತ್ತು. ನನ್ನ ಬಾಯಿಂದ ಬರಲಿ ಅಂತ ಕಾದ.

"ನಾನು" ಎಂದೆ.

"ನೀವು ನೀರಿಗೇ ಇಳಿದಿಲ್ವಲ್ಲಕ್ಕ."

"ದಡದಲ್ಲಿದ್ದೆ. ನಕ್ಕೆ."

"ತರಬೇತಿ ಹುದ್ದೆ ಬಗ್ಗೆ ಮತ್ತೆ ಯೋಚಿಸಬೇಕಾಗುತ್ತೆ" ಎಂದ, ಕ್ಯಾಪು ಹಾಕುತ್ತ. "ಆರನೇ ತಾರೀಖಿನ ಡೈವ್ ಇದ್ದ ಹಾಗೇ ಇರುತ್ತೆ."

ಮಾರ್ಚ್ 3, ಸಂಜೆ

ತಮ್ಮನ ಮನೆಗೆ ಹೋಗಿ ಹೇಳಿಬಂದೆ. ಬೇರೆಯವರ ಬಾಯಿಂದ ಕೇಳುವುದು ಬೇಡ ಅಂತ. ಅವನು ಟಿವಿಯ ಸದ್ದು ಹೆಚ್ಚಿಸಿದ. ಅವನ ಹೆಂಡತಿ ಟೀ ಕೊಡಲಿಲ್ಲ. ಈ ಮನೆಯಲ್ಲಿ ನನಗೆ ಟೀ ಸಿಗದೆ ಬಂದದ್ದು ಇದೇ ಮೊದಲು.

ಮಾರ್ಚ್ 4, ರಾತ್ರಿ

ಬಾಗಿಲು ಬಡಿದರು. ತಮ್ಮ. ಹಿಂದೆ ಅವನ ಹೆಂಡತಿ, ಕೈಯಲ್ಲಿ ದೊಡ್ಡ ಪ್ಲಾಸ್ಟಿಕ್ ಚೀಲ, ಅಂಟು ಪಟ್ಟಿ.

"ಮೀಸೆ ಮನೆಗೆ ಹೋಗಿದ್ದೆ" ಎಂದ. "ಅವನು ಊಟ ಮಾಡ್ತಿಲ್ವಂತೆ. ನಾಳೆ ಹನ್ನೊಂದಕ್ಕೆ ಕೊಳ ಕೇಳಿದ್ದೀನಿ. ಹುಡುಗಿಗೂ ಹೇಳಿದ್ದೀನಿ. ಇಸ್ತ್ರಿ ಬರ್ತಾನೆ."

"ಹೇಗೆ ಒಪ್ಪಿಸಿದೆ?"

"ಸಹಿ ಹಾಕ್ತೀನಿ, ಕೊಳದ ಹತ್ರ ತನ್ನಿ ಅಂದೆ."

ಲೆಕ್ಕ ಹೀಗೆ. ತಮ್ಮ ತಳಕ್ಕೆ ಇಳಿಯುತ್ತಾನೆ, ಸಣ್ಣ ಸಿಲಿಂಡರ್, ಹನ್ನೆರಡು ನಿಮಿಷದ ಗಾಳಿ. ತೇಪೆ ಎಡಗೈಗೆ, ಎದೆಗೆ. ಇಸ್ತ್ರಿ ಕೊಳಕ್ಕೆ ಬೆನ್ನು ಹಾಕಿ ಸ್ಕ್ರೀನಿನ ಮುಂದೆ ಕೂರಬೇಕು. ತಮ್ಮ ಒಂದೋ ಮೆಟ್ಟಿಲ ಮೇಲೆ ಆರಾಮ ಕೂತಿರುತ್ತಾನೆ, ಇಲ್ಲಾ ತಳದ ಏಣಿಗೆ ಕಾಲು ಸಿಕ್ಕಿಸಿಕೊಂಡಿರುತ್ತಾನೆ, ಒಬ್ಬನೇ ಬಿಡಿಸಿಕೊಳ್ಳಲಾಗದ ಹಾಗೆ. ಯಾವುದು ಅಂತ ಇಸ್ತ್ರಿ ಸ್ಕ್ರೀನ್ ನೋಡಿ ಹೇಳಬೇಕು. ಎಳೆಯಿರಿ ಅಂತ ಅವನೇ ಹೇಳಬೇಕು.

"ಹಗ್ಗ ನಿನ್ನ ಕೈಲಿ. ಆದ್ರೆ ಅವನು ಬಾಯಿಬಿಟ್ಟು ಹಗ್ಗನ ಕೇಳೋ ತನಕ ನೀನು ಎಳೀಬಾರ್ದು, ಮಾತಾಡಬಾರ್ದು. ಆಣೆ ಮಾಡು."

"ಕೈಗೆ ಕಟ್ಟು ಹಾಕಿಕೊಂಡು ನೀರಿಗೆ ಇಳೀತೀಯ? ಡಾಕ್ಟ್ರು ಏನಂತಾರೆ?"

"ಡಾಕ್ಟ್ರನ್ನ ಕರೆದಿಲ್ಲ."

ಅವನ ಹೆಂಡತಿ ಚೀಲ ಕೊಡವಿ ಅಳತೆ ನೋಡುತ್ತಿದ್ದಳು, ಮೊಣಕೈಯ ಕಟ್ಟು ನೆನೆಯದ ಹಾಗೆ. "ಹದಿನೆಂಟು ವರ್ಷ ನಿಂತಿದ್ದೀನಿ" ಎಂದಳು, ನನ್ನ ಕಡೆ ನೋಡದೆ. "ಮೀಸೆ ಹೆಂಡತಿಯೂ ನಿಂತಿರ್ತಾಳೆ. ಟೀ ಇಡ್ಲಾ ಅತ್ತಿಗೆ?"

ನನ್ನ ಮನೆಯಲ್ಲಿ ಅವಳೇ ಟೀ ಮಾಡಿದಳು.

ಮಾರ್ಚ್ 5, ಕೊಳ

11-08. ಇಳಿದ. ನನ್ನ ಎಡಗೈಯಲ್ಲಿ ಹಗ್ಗ, ಬಲಗೈಯಲ್ಲಿ ಪೆನ್ಸಿಲು, ಮಂಡಿಯ ಮೇಲೆ ಪುಸ್ತಕ. ಹೀಗೆಯೇ ಬರೆದು ರೂಢಿ. ಮೀಸೆ ಮುಖವಾಡ ಹಣೆಗೇರಿಸಿ ದಡದಲ್ಲಿ ಕೂತಿದ್ದಾನೆ, ನಾನು ಹೇಳಿದರೆ ಧುಮುಕಲು. ಇಸ್ತ್ರಿ ಕುರ್ಚಿಯಲ್ಲಿ, ತೊಡೆಯ ಮೇಲೆ ವರದಿ. ಹುಡುಗಿ ಸ್ಕ್ರೀನಿನ ಪಕ್ಕ ಉಗುರು ಕಚ್ಚುತ್ತಿದ್ದಾಳೆ.

11-10. ಹಳದಿ. ಈಜುತ್ತಿದ್ದಾನೆ. ಹಗ್ಗವೂ ಅದನ್ನೇ ಹೇಳುತ್ತಿದೆ.

11-11. ನಿಂತ. ಹಸಿರು.

ಕೂತಿಲ್ಲ. ನನಗೆ ಗೊತ್ತು. ಆ ಭಾರ. ಅವತ್ತಿನದೇ.

11-13. ಹಸಿರು. ಇಸ್ತ್ರಿ: "ಆರಾಮಾಗಿದ್ದಾರೆ ಅನ್ಸುತ್ತೆ." ಈ ಸಲ ಯಾರೂ ನಗಲಿಲ್ಲ.

11-14. ಮೂರು ನಿಮಿಷ ತುಂಬಿತು. ಅವತ್ತಾಗಿದ್ದರೆ ಪಂಪ್. ಹುಡುಗಿ ಹೇಳಿಯೂ ಬಿಟ್ಟಳು: "ಸಾರ್, ಈಗ ಪಂಪ್ ಹಾಕೋ ಟೈಮ್." ಇಸ್ತ್ರಿ ಕೊರಳ ಗುಂಡಿ ಸಡಿಲಿಸಿದ.

11-15. ತಮ್ಮನ ಹೆಂಡತಿ ಗೋಡೆಗೆ ಒರಗಿ ನಿಂತಿದ್ದಾಳೆ. ಕುರ್ಚಿ ಕೊಟ್ಟರೂ ಕೂರಲಿಲ್ಲ.

11-16. ಹಸಿರು. ಉಸಿರು ನಿಮಿಷಕ್ಕೆ ಆರು ಎಂದು ಸ್ಕ್ರೀನು. ಎಷ್ಟು ಉದ್ದ ಮಾಡಿದ್ದಾನೆ, ನನ್ನ ಚಿನ್ನ. ಕಲಿಸಿದ್ದು ಒಂದಕ್ಷರ ಮರೆತಿಲ್ಲ.

11-17. ನಾಲ್ಕು ಜಗ್ಗಿದ. ಎಳಿ. ನನ್ನ ಕೈ ತಾನಾಗಿಯೇ ಎದ್ದಿತು. ತಡೆದೆ. ಆಣೆ. ಈ ಆಣೆ ಮಾಡಿಸಿದವನಿಗೆ, ಮೇಲೆ ಬರಲಿ, ಎರಡು ಬಿಗಿಯುತ್ತೇನೆ. ಅಷ್ಟು ಸಣ್ಣ ಜಗ್ಗು ತೇಪೆಗೆ ಕೆಲಸ ಅನಿಸುವುದಿಲ್ಲ, ಸ್ಕ್ರೀನು ಹಸಿರು.

ಇಸ್ತ್ರಿಯ ಅಂಗಿಯ ಬೆನ್ನು ಒದ್ದೆ. ಗೆರೆ ಹೋಗಿದೆ. ಸ್ಕ್ರೀನು ನೋಡುತ್ತಾನೆ, ಗಡಿಯಾರ ನೋಡುತ್ತಾನೆ. ಗಾಳಿ ಇನ್ನು ಮೂರು ನಿಮಿಷ. ಬಾಯಿ ತೆರೆದ. ಮುಚ್ಚಿದ. ಕೇಳು. ಹಸಿರಿದೆಯಲ್ಲ, ಹೇಳು ಆರಾಮಾಗಿದ್ದಾನೆ ಅಂತ. ಇಲ್ಲಾ ಕೇಳು.

11-18. ಮತ್ತೆ ನಾಲ್ಕು.

ಇಸ್ತ್ರಿ ಕುರ್ಚಿ ಬಿಟ್ಟು ಎದ್ದ. ವರದಿ ನೆಲಕ್ಕೆ ಬಿತ್ತು. ತಿರುಗಿದ. ಸ್ಕ್ರೀನಿಗೆ ಬೆನ್ನು ಹಾಕಿ ನನ್ನ ಕೈ ನೋಡಿದ. ಅವನು ಹೇಳಿದ್ದು ಹೇಳಿದ ಹಾಗೇ ಬರೆಯುತ್ತೇನೆ, ಎಲ್ಲರೂ ಸಾಕ್ಷಿ: "ಹಗ್ಗ ಏನು ಹೇಳ್ತಿದೆ ಅಕ್ಕಾ?"

11-18. ಕೇಳಿದ. ಇನ್ನು ಪೆನ್ಸಿಲು ಬೇಡ, ಎರಡೂ ಕೈ